ಮೂರು ಸಲ ವಿಧುರರಾದ ನನ್ನ ಭಾವ

ನನ್ನ ಭಾವ ಈವರೆಗೆ ಮೂರು ಸಲ ವಿಧುರರಾಗಿದ್ದಾರೆ. ನನ್ನ ಅಕ್ಕ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದ್ದಾಳೆ, ಅದು ಬೇರೆ ವಿಷಯ! ಇಬ್ಬರು ಗಂಡುಮಕ್ಕಳನ್ನು ಯುದ್ಧದಲ್ಲಿ ಕಳೆದುಕೊಂಡಿದ್ದಾರೆ. ಅವರಿಗಿರುವುದು ಹತ್ತನೇ ಕ್ಲಾಸಿನಲ್ಲಿ ಓದುವ ಒಬ್ಬಳೇ ಮಗಳು. ಒಮ್ಮೆ ಹಡಗು ಮುಳುಗಿ ಸಮುದ್ರಪಾಲಾಗಿದ್ದಾರೆ, ಎರಡು ಸಲ ಜೈಲಿಗೆ ಹೋಗಿದ್ದಾರೆ, ಹಿಮದ ಬೆಟ್ಟದಲ್ಲಿ ದಾರಿ ತಪ್ಪಿ ಒಂದು ಕತ್ತೆಯ ಜೊತೆ ಇಡೀ ಚಳಿಗಾಲ ಕಳೆದಿದ್ದಾರೆ. ಇಷ್ಟೆಲ್ಲ ನಡೆದದ್ದು ಇಲ್ಲಿ ಗಲ್ಫಿನಲ್ಲಿ, ದೇರಾದ ಎರಡು ಬೆಡ್‌ರೂಮಿನ ಫ್ಲಾಟಿನ ಹಾಲಿನಲ್ಲಿ, ಲುಂಗಿ ಉಟ್ಟುಕೊಂಡು, ಸೋಫಾದ ಎಡಮೂಲೆಯಲ್ಲಿ ಕುಳಿತು. ಬಲಮೂಲೆಯಲ್ಲಿ ಯಾರಿದ್ದರು ಅಂತ ಕೇಳುತ್ತೀರಾ? ಇನ್ಯಾರು, ನಾನೇ!

ಭಾವನಿಗೆ ಐವತ್ನಾಲ್ಕು ವರ್ಷ. ರಾಸ್ ಅಲ್ ಖೋರ್‌ನ ಒಂದು ಗ್ಯಾರೇಜಿನಲ್ಲಿ ಫೋರ್‌ಮನ್. ಗೇರ್‌ಬಾಕ್ಸನ್ನು ಒಬ್ಬರೇ ಎತ್ತಿ ಬೆಂಚಿನ ಮೇಲಿಡುವ ತೋಳು, ಎದುರಿಗಿದ್ದವರ ಮಾತು ನಿಲ್ಲಿಸುವ ಮೀಸೆ. ಇಂಥ ಮನುಷ್ಯ ಸಂಜೆ ಮನೆಗೆ ಬಂದು, ಸ್ನಾನ ಮಾಡಿ, ಟಿ.ವಿ. ಮುಂದೆ ಕೂತು, ಮಗಳ ವಿಡಿಯೋ ಗೇಮ್ ಹಾಕಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಾರೆ ಎಂದರೆ ನೀವು ನಂಬುತ್ತೀರಾ? ನಂಬಬೇಡಿ. ನಾನೂ ಬಹಳ ದಿನ ಯಾರಿಗೂ ಹೇಳಿರಲಿಲ್ಲ. ಹೇಳದೆ ಇದ್ದದ್ದಕ್ಕೆ ಕಾರಣವಿತ್ತು. ನನಗೆ ಮೂವತ್ತೊಂದು ವರ್ಷ, ಮದುವೆಯಾಗಬೇಕಿತ್ತು. ಅಪ್ಪ ಇಲ್ಲ. ಹಾಗಾಗಿ ಹೆಣ್ಣಿನ ಕಡೆಯವರು ಬಂದರೆ ನನ್ನ ಪರವಾಗಿ ಕೂತು ಮಾತಾಡಬೇಕಾದ ಹಿರಿಯರು ಇವರೇ!

ಗುಂಡು ಹಾರಿಸುವ, ಕಾರು ಓಡಿಸುವ ಆಟಗಳು ಭಾವನಿಗೆ ಆಗುವುದಿಲ್ಲ. ಅವರಿಗೆ ಬೇಕಾದದ್ದು ಕಥೆ. ಕಥೆಯೊಳಗೆ ತಾಯಿ, ಮಗು, ಅಗಲಿಕೆ, ಒಂದಿಷ್ಟು ಪಿಟೀಲು. ಮೊದಲು ಮಗಳು ಪಕ್ಕದಲ್ಲಿ ಕೂತು ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದಳು. ಅಪ್ಪ ಮೂಗು ಸೀಟುವುದನ್ನು ಒಂದು ವಾರ ಸಹಿಸಿದಳು. ಆಮೇಲೆ, "ಅಪ್ಪ, ಪ್ಲೀಸ್, ಇಟ್ಸ್ ಜಸ್ಟ್ ಅ ಗೇಮ್! ದಿಸ್ ಈಸ್ ಸೋ ಎಂಬರಾಸಿಂಗ್!" ಎಂದು ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ಹಾಲಿನಲ್ಲೇ ಮಲಗುವವನು ನಾನು. ನನಗೆ ಹಾಕಿಕೊಳ್ಳಲು ಬಾಗಿಲೆಲ್ಲಿದೆ? ಹೀಗೆ ಭಾಷಾಂತರದ ಕೆಲಸ ನನ್ನ ಕುತ್ತಿಗೆಗೆ ಬಿತ್ತು.

ಭಾವನ ಆಟದ ನೀತಿನಿಯಮಗಳು ಯಾವ ಕಂಪನಿಯವರಿಗೂ ಹೊಳೆದಿರಲಾರವು. ಆಟದಲ್ಲಿ ಯಾರಾದರೂ ಮಾತಾಡುತ್ತಿದ್ದರೆ ಗುಂಡಿ ಒತ್ತಿ ಮುಂದೆ ಹೋಗುವಂತಿಲ್ಲ. "ಹಿರಿಯರು ಮಾತಾಡುವಾಗ ಮಧ್ಯದಲ್ಲಿ ಎದ್ದು ಹೋಗುವುದಾ? ಎಂತ ಸಂಸ್ಕಾರ ಮಾರಾಯ ನಿನ್ನದು!" ಎನ್ನುತ್ತಿದ್ದರು. ಒಂದು ಆಟದಲ್ಲಿ ಪಕ್ಕದ ಮನೆಯ ಕಪಾಟಿನೊಳಗೆ ಬೀಗದ ಕೈ ಇತ್ತು. ಅದನ್ನು ತೆಗೆಯದೆ ಕಥೆ ಮುಂದೆ ಹೋಗುವುದಿಲ್ಲ.

"ಕಪಾಟು ತೆರೆಯಿರಿ ಭಾವ."

"ಯಾರದ್ದೋ ಮನೆಯ ಕಪಾಟು ನಾನು ತೆರೆಯುವುದಾ? ಛೀ! ಅವರು ಬರಲಿ. ಕೇಳಿ ತೆಗೆದುಕೊಳ್ಳುವಾ."

ಅವರು ಬರಲಿಲ್ಲ. ಬರುವಂತೆ ಆ ಆಟವನ್ನು ಮಾಡಿರಲೇ ಇಲ್ಲ! ಹನ್ನೊಂದು ದಿನ ಭಾವ ಆ ಮನೆಯ ಮೆಟ್ಟಿಲ ಮೇಲೆ ಕಾದರು. ಹನ್ನೆರಡನೆಯ ದಿನ ಅವರು ಬಾತ್‌ರೂಮಿಗೆ ಹೋದ ಹೊತ್ತಿಗೆ ನಾನೇ ಕಪಾಟು ತೆರೆದು ಬೀಗದ ಕೈ ಎತ್ತಿಕೊಂಡೆ. ಬಂದು ನೋಡಿ, "ಕೊಟ್ಟರಾ? ನೋಡು, ಕಾದರೆ ಕೊಡ್ತಾರೆ," ಎಂದು ಖುಷಿಪಟ್ಟರು.

ಗ್ಯಾರೇಜಿನಲ್ಲಾದರೂ ಗಂಭೀರವಾಗಿರುತ್ತಾರೆ ಎಂದುಕೊಂಡಿದ್ದೆ. ಒಂದು ದಿನ ನಮ್ಮ ಆಫೀಸಿನ ಮ್ಯಾನೇಜರ ಕಾರು ಕೈಕೊಟ್ಟಿತು. ನಾನೇ ದೊಡ್ಡಸ್ತಿಕೆಯಿಂದ ಭಾವನ ಗ್ಯಾರೇಜಿಗೆ ಕರೆದುಕೊಂಡು ಹೋದೆ. ಹೋಗಿ ನೋಡಿದರೆ ಆರು ಕಾರುಗಳ ಬಾನೆಟ್ ತೆರೆದುಕೊಂಡಿವೆ, ಒಬ್ಬನೂ ಕೆಲಸ ಮಾಡುತ್ತಿಲ್ಲ. ಪಠಾಣ ಮೆಕ್ಯಾನಿಕ್‌ಗಳೆಲ್ಲ ಭಾವನ ಸುತ್ತ ಟೈರುಗಳ ಮೇಲೆ ಕೂತಿದ್ದಾರೆ. ಅವರಲ್ಲಿ ಎಲ್ಲರಿಗಿಂತ ದೈತ್ಯನಾದವನು ಎರಡೂ ಕೈಯಲ್ಲಿ ಚಹಾದ ಲೋಟ ಹಿಡಿದುಕೊಂಡು ಕೇಳುತ್ತಿದ್ದಾನೆ:

"ಉಸ್ತಾದ್, ಗಧಾ ಜಿಂದಾ ಹೈ ನಾ?"

"ಜಿಂದಾ ಹೈ," ಎಂದು ಭಾವ ನಿಟ್ಟುಸಿರು ಬಿಟ್ಟರು. "ಲೇಕಿನ್ ಖಾನಾ ನಹೀಂ ಖಾತಾ."

ಕತ್ತೆ ಬದುಕಿದೆ, ಆದರೆ ಏನೂ ತಿನ್ನುತ್ತಿಲ್ಲ! ಟೈರುಗಳ ಮೇಲಿದ್ದವರೆಲ್ಲ ತಲೆ ತಗ್ಗಿಸಿದರು. ಒಬ್ಬ ತನ್ನ ಊರಿನಲ್ಲಿ ಕತ್ತೆಗೆ ಹೊಟ್ಟೆ ಕೆಟ್ಟರೆ ಏನು ಕೊಡುತ್ತಾರೆಂದು ವಿವರಿಸತೊಡಗಿದ. ನಮ್ಮ ಮ್ಯಾನೇಜರು ನನ್ನ ಕಡೆ ತಿರುಗಿ, ಈ ಮನುಷ್ಯ ನಿನಗೇನಾಗಬೇಕು ಎಂದು ಕೇಳಿದರು. ನಾನು ಏನು ಹೇಳಿದೆ ಗೊತ್ತೇ? "ನಮ್ಮ ಊರಿನವರು ಸರ್, ಸ್ವಲ್ಪ ಪರಿಚಯ," ಎಂದುಬಿಟ್ಟೆ! ನನಗೆ ವೀಸಾ ಮಾಡಿಸಿಕೊಟ್ಟು, ಮನೆಯಲ್ಲಿಟ್ಟುಕೊಂಡು ಅನ್ನ ಹಾಕುತ್ತಿರುವ ಮನುಷ್ಯ ಮೂರು ಮಾರು ದೂರದಲ್ಲೇ ನಿಂತಿದ್ದರು. ಕೇಳಿಸಿತು. ಅವರು ಹತ್ತಿರ ಬಂದು ಮ್ಯಾನೇಜರ ಕೈ ಕುಲುಕಿ, "ಹೌದು ಸರ್, ಒಂದೇ ಊರು. ಒಳ್ಳೆಯ ಹುಡುಗ," ಎಂದರು. ಅವತ್ತು ಮನೆಗೆ ಹೋಗಲು ನನಗೆ ಮುಖವಿರಲಿಲ್ಲ. ಆದರೆ ಹೋದೆ. ಹೋಗಿ, ಕತ್ತೆಯ ಸಂಭಾಷಣೆಯನ್ನು ಭಾಷಾಂತರಿಸಿದೆ. ಕತ್ತೆ ಮೂರನೆಯ ದಿನ ಹುಲ್ಲು ತಿಂದಿತು. ಭಾವ ಗ್ಯಾರೇಜಿಗೆ ಮಿಠಾಯಿ ಒಯ್ದರು.

ಇದಾದರೂ ಬೇಕು. ಮೂರನೆಯ ಹೆಂಡತಿಯ ಸಾವು ಇದೆಯಲ್ಲ, ಅದನ್ನು ನೆನೆದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಗಲ್ಫಿನಲ್ಲಿ ಒಬ್ಬ ಗಂಡಸು ಜೋರಾಗಿ ಅತ್ತರೆ ಅದಕ್ಕೆ ಒಂದೇ ಅರ್ಥ, ಊರಿನಿಂದ ಫೋನು ಬಂದಿದೆ. ಅಳು ಕೇಳಿದವರು ಜಾತಿ ಕೇಳುವುದಿಲ್ಲ, ಜಿಲ್ಲೆ ಕೇಳುವುದಿಲ್ಲ. ಒಬ್ಬ ಪಕ್ಕದಲ್ಲಿ ಕೂರುತ್ತಾನೆ, ಒಬ್ಬ ಟಿಕೆಟ್ ಹುಡುಕುತ್ತಾನೆ, ಇನ್ನೊಬ್ಬ ಸೂಟ್‌ಕೇಸ್ ಇಳಿಸುತ್ತಾನೆ. ಆ ಭಾನುವಾರ ನಾನು ಕ್ಷೌರಕ್ಕೆ ಹೋಗಿದ್ದೆ. ಅಕ್ಕ ಮೀನು ಮಾರ್ಕೆಟ್ಟಿಗೆ ಹೋಗಿದ್ದಳು. ನಾನು ವಾಪಸು ಬರುವಾಗ ನಮ್ಮ ಬಾಗಿಲಲ್ಲಿ ಹನ್ನೊಂದು ಜೊತೆ ಚಪ್ಪಲಿ! ಒಳಗೆ ಭಾವ ಸೋಫಾದಲ್ಲಿ ಕುಸಿದಿದ್ದಾರೆ. ಎದುರು ಫ್ಲಾಟಿನ ಬ್ಯಾರಿ ಹಾಜಿಯವರು ಅವರ ಬೆನ್ನು ಸವರುತ್ತಿದ್ದಾರೆ. ಮೇಲಿನ ಮಹಡಿಯ ಇಬ್ಬರು ಭಾವನ ಅಂಗಿಗಳನ್ನು ಮಡಚಿ ಸೂಟ್‌ಕೇಸಿಗೆ ತುಂಬುತ್ತಿದ್ದಾರೆ. ಟಿ.ವಿ.ಯಲ್ಲಿ ಆಟ ಮಾಡಿದವರ ಹೆಸರುಗಳು ಸುಮ್ಮನೆ ಮೇಲಕ್ಕೆ ಹೋಗುತ್ತಿವೆ.

"ಪಾಸ್‌ಪೋರ್ಟ್ ಎಲ್ಲುಂಟು ಭಾಯಿ? ಟಿಕೆಟ್ ನಮ್ಮ ಹುಡುಗರು ನೋಡ್ತಾರೆ. ನೀವು ಸಮಾಧಾನ ಮಾಡಿಕೊಳ್ಳಿ," ಎಂದರು ಹಾಜಿಯವರು. ಆಮೇಲೆ ಮೆತ್ತಗೆ, "ಯಾರು ಹೋದದ್ದು?"

ಭಾವ ಸುಳ್ಳು ಹೇಳುವವರಲ್ಲ. ಬಿಕ್ಕುತ್ತಾ, "ಹೆಂಡತಿ," ಎಂದರು.

ಸರಿಯಾಗಿ ಅದೇ ಕ್ಷಣಕ್ಕೆ ದಿವಂಗತಳು ಎರಡು ಕಿಲೋ ಬಂಗುಡೆ ಹಿಡಿದುಕೊಂಡು ಒಳಗೆ ಬಂದಳು!

"ಎಂತ? ಯಾರಿಗೆ ಎಂತ ಆಯ್ತು?" ಎಂದು ಅಕ್ಕ ಬೊಬ್ಬೆ ಹೊಡೆದಳು. ಸೂಟ್‌ಕೇಸ್ ತುಂಬುತ್ತಿದ್ದವನೊಬ್ಬ ಅವಳಿಗಿಂತ ಜೋರಾಗಿ ಬೊಬ್ಬೆ ಹೊಡೆದ. ಕೊನೆಗೆ ನಾನು ಮಧ್ಯೆ ನಿಂತು, ಟಿ.ವಿ. ತೋರಿಸಿ, ನೆಲ ಬಾಯಿಬಿಡಬಾರದೇ ಎಂದುಕೊಳ್ಳುತ್ತಾ ಎಲ್ಲವನ್ನೂ ವಿವರಿಸಿದೆ. ಯಾರೂ ನಗಲಿಲ್ಲ, ಅದು ಇನ್ನೂ ಕಷ್ಟ. ಹಾಜಿಯವರು ಗಡ್ಡ ನೀವಿಕೊಂಡು ಯೋಚಿಸಿ, "ಅವಳಿಗೆ ಮಕ್ಕಳಿದ್ದಾರಾ?" ಎಂದು ಕೇಳಿದರು.

"ಇಬ್ಬರು," ಎಂದರು ಭಾವ.

"ಪಾಪ," ಎಂದರು ಹಾಜಿಯವರು. ಅಕ್ಕ ಬಂದವರಿಗೆಲ್ಲ ಚಹಾ ಮಾಡಿ, ಬಂಗುಡೆ ಹುರಿದು ಹಾಕಿದಳು. ಎಲ್ಲರೂ ಹೋದ ಮೇಲೆ ಸೊಂಟಕ್ಕೆ ಕೈಕೊಟ್ಟು ನಿಂತು ಕೇಳಿದಳು:

"ನಾನು ನಿಜವಾಗಿ ಸತ್ತರೆ ಇಷ್ಟು ಅಳ್ತೀರಾ ನೀವು?"

"ಹೇಗೆ ಅಳುವುದು? ನೀನು ಸಾಯುವಾಗ ಮ್ಯೂಸಿಕ್ ಇರುವುದಿಲ್ಲ ಅಲ್ವಾ!"

ನಗುವವರಿಗೇನು, ನಗಬಹುದು. ಒಂದು ತಿಂಗಳು ನಾನು ಲಿಫ್ಟ್ ಹತ್ತಲಿಲ್ಲ, ಐದು ಮಹಡಿ ಮೆಟ್ಟಿಲು ಏರಿಳಿದೆ. ಸುದ್ದಿ ದೇರಾ ದಾಟಿ ಶಾರ್ಜಾಕ್ಕೆ ಹೋಯಿತು. ಅಲ್ಲಿ ನನಗೆ ಒಂದು ಸಂಬಂಧದ ಮಾತು ನಡೆಯುತ್ತಿತ್ತು. ಅವರು ಫೋನು ಮಾಡಿ, "ನಿಮ್ಮ ಮನೆಯಲ್ಲಿ ಯಾರೋ ಸತ್ತು ಬದುಕಿದ್ದಾರಂತೆ, ನಮಗೆ ಬೇಡ," ಎಂದರು. ಅಲ್ಲಿಗೆ ಖಲಾಸ್!

ಆಮೇಲೆ ಬಂದದ್ದು ಅಬುಧಾಬಿಯ ಸಂಬಂಧ. ಹುಡುಗಿಯ ತಂದೆಗೆ ಎಲೆಕ್ಟ್ರಾ ಸ್ಟ್ರೀಟಿನಲ್ಲಿ ವಾಚು ರಿಪೇರಿಯ ಅಂಗಡಿ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸಣ್ಣ ದೋಷವನ್ನೂ ಹುಡುಕುವುದೇ ಆ ಮನುಷ್ಯನ ಕಸುಬು. ಹುಡುಗಿಯನ್ನು ಒಬ್ಬರ ಮನೆಯ ಗೃಹಪ್ರವೇಶದಲ್ಲಿ ನೋಡಿದ್ದೆ. ಪಾಯಸ ಬಡಿಸುವಾಗ ನನ್ನ ಎಲೆಗೆ ಎರಡು ಸಲ ಬಡಿಸಿ, "ಇನ್ನೂ ಬೇಕಾ? ಕೇಳಲಿಕ್ಕೆ ಎಂತ ನಾಚಿಕೆ?" ಎಂದು ನಕ್ಕಿದ್ದಳು. ಆ ನಗುವಿನ ನಂತರ ನನಗೆ ಬೇರೆ ಹುಡುಗಿ ಬೇಕಿರಲಿಲ್ಲ. ಅವರು ಭಾನುವಾರ ಸಂಜೆ ನಾಲ್ಕು ಗಂಟೆಗೆ ಬರುವುದೆಂದು ನಿಶ್ಚಯವಾಯಿತು. ಭಾವ ಕೆಂಪು ಕಣ್ಣು, ಸೊರಸೊರ ಮೂಗು ಇಟ್ಟುಕೊಂಡು ಅವರೆದುರು ಕೂತರೆ ನನ್ನ ಕಥೆ ಮುಗಿದ ಹಾಗೆ.

ಆದರೆ ಅದೇ ವಾರ ಭಾವ ಹೊಸ ಆಟ ಶುರುಮಾಡಿದ್ದರು. ದೂರದ ದ್ವೀಪಕ್ಕೆ ಕೆಲಸಕ್ಕೆ ಹೋದ ಮಗ, ಊರಲ್ಲಿ ಒಬ್ಬಳೇ ತಾಯಿ. ದಿನವಿಡೀ ಕೆಲಸ ಮಾಡಿ ಬಂದು ಅವಳಿಗೆ ಕಾಗದ ಬರೆಯಬೇಕು, ಅವಳು ಉತ್ತರ ಬರೆಯುತ್ತಾಳೆ. ಇಷ್ಟೇ ಆಟ! ಏನು ಬರೆಯಬೇಕೆಂದು ಆಟದವರೇ ಎರಡು ವಾಕ್ಯ ಕೊಡುತ್ತಾರೆ, ಒಂದನ್ನು ಆರಿಸಬೇಕು. ಭಾವನಿಗೆ ಎರಡೂ ಸಾಲುತ್ತಿರಲಿಲ್ಲ. "ಮೊಣಕಾಲಿಗೆ ಎಣ್ಣೆ ಹಚ್ಚಿಕೋ ಅಂತ ಬರೆ ಮಾರಾಯ. ಬಾವಿಯ ಹತ್ತಿರ ಒಬ್ಬಳೇ ಹೋಗಬೇಡ ಅಂತ ಬರೆ," ಎಂದು ನನಗೆ ಹೇಳುತ್ತಿದ್ದರು. ಹಾಗೆಲ್ಲ ಬರೆಯಲಿಕ್ಕಾಗುವುದಿಲ್ಲ ಭಾವ ಎಂದರೆ, "ಎಂತ ಆಟ ಇದು, ತಾಯಿಗೆ ಬೇಕಾದ್ದು ಬರೆಯಲಿಕ್ಕಿಲ್ಲ!" ಎಂದು ಸಿಟ್ಟಾಗುತ್ತಿದ್ದರು.

ಗುರುವಾರ ಸಂಜೆ ಪರದೆಯ ಮೇಲೆ ಒಂದು ಕಾಗದ ಬಂತು. ಅಕ್ಷರ ಬೇರೆಯದು. ತಾಯಿಯ ಪಕ್ಕದ ಮನೆಯವಳು ಬರೆದದ್ದು. ನಾನು ಮೊದಲ ಸಾಲು ಓದಿದೆ. ತಾಯಿ ತೀರಿಕೊಂಡಿದ್ದಳು. ಮಗನ ಕಾಗದಗಳನ್ನು ಕೊನೆಯವರೆಗೆ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಳಂತೆ. ಗುರುವಾರ, ಶುಕ್ರವಾರ, ಶನಿವಾರ ಎಂದು ಮನಸ್ಸಿನಲ್ಲೇ ಎಣಿಸಿದೆ. ಹೆಂಡತಿ ಸತ್ತಾಗಲೇ ಇವರು ನಾಲ್ಕು ದಿನ ಅತ್ತವರು. ಇನ್ನು ತಾಯಿ!

"ಎಂತ ಬರೆದಿದೆ?" ಎಂದರು ಭಾವ.

"ಅಮ್ಮನಿಗೆ ಸ್ವಲ್ಪ ಜ್ವರ ಅಂತೆ ಭಾವ. ಈಗ ಪರವಾಗಿಲ್ಲ. ಗಡಿಬಿಡಿ ಮಾಡಿ ಬರುವುದು ಬೇಡ ಅಂತೆ."

ಭಾವ ಪರದೆ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. "ಹ್ಞಾಂ. ಹಾಗಾದರೆ ಒಳ್ಳೆಯದಾಯ್ತು," ಎಂದು ಕೈಯಲ್ಲಿದ್ದ ಆಟದ ರಿಮೋಟನ್ನು ಕೆಳಗಿಟ್ಟರು. "ಇನ್ನು ಆಟ ಭಾನುವಾರ ಕಳೆದ ಮೇಲೆ. ನಿನ್ನ ಕೆಲಸ ಮೊದಲು ಆಗಲಿ."

ಎಷ್ಟು ಸುಲಭದಲ್ಲಿ ಮುಗಿಯಿತು ಎಂದು ನಾನು ಬೀಗಿದೆ. ನಾಚಿಕೆಗೆಟ್ಟವನು, ಆ ದಿನ ಎರಡು ಚಪಾತಿ ಹೆಚ್ಚೇ ತಿಂದೆ!

ಭಾನುವಾರ ಅವರು ನಾಲ್ಕಕ್ಕೆ ಐದು ನಿಮಿಷವಿರುವಾಗಲೇ ಬಂದರು, ವಾಚಿನವರಲ್ಲವೇ! ಆಟದ ಪೆಟ್ಟಿಗೆಯನ್ನು ನಾನು ಬೆಳಗ್ಗೆಯೇ ಅಡುಗೆಮನೆಯ ಅಕ್ಕಿಚೀಲದ ಹಿಂದೆ ಅಡಗಿಸಿಟ್ಟಿದ್ದೆ. ಭಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಕಾಲಮೇಲೆ ಕಾಲು ಹಾಕದೆ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟುಕೊಂಡು ಎಷ್ಟು ಗಂಭೀರವಾಗಿ ಕೂತಿದ್ದರೆಂದರೆ, ಇವರು ಬೇರೆ ಯಾರೋ ಇರಬೇಕು ಎಂದು ನನಗೇ ಅನುಮಾನವಾಯಿತು. ಹುಡುಗಿ ಅಕ್ಕನ ಪಕ್ಕದಲ್ಲಿ ಕೂತು ನನ್ನನ್ನು ನೋಡಿ ನಗು ತಡೆದುಕೊಳ್ಳುತ್ತಿದ್ದಳು. ಆಗ ಅವಳ ತಂದೆ ಕೇಳಿದರು:

"ಬಿಡುವಿರುವಾಗ ನೀವು ಎಂತ ಮಾಡ್ತೀರಿ?"

ಭಾವ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

"ನಿದ್ರೆ," ಎಂದರು ಭಾವ.

ಒಳಗಿನಿಂದ ಅವರ ಮಗಳು ಕಿಸಕ್ಕೆಂದದ್ದು ಕೇಳಿಸಿತು. ಹುಡುಗಿಯ ತಂದೆ ತಲೆದೂಗಿ, ಚಹಾ ಕುಡಿದು, ಕೊನೆಯ ಪ್ರಶ್ನೆ ಕೇಳಿದರು. "ಹುಡುಗ ಸ್ವಭಾವದಲ್ಲಿ ಹೇಗೆ? ನೀವು ಹತ್ತಿರದಿಂದ ಕಂಡವರು. ನೀವು ಹೇಳಿದರೆ ನಮಗೆ ಸಾಕು."

ಭಾವ ಯೋಚಿಸಲೇ ಇಲ್ಲ. "ಇವನಿಗೆ ಸುಳ್ಳು ಹೇಳಲಿಕ್ಕೆ ಬರುವುದಿಲ್ಲ," ಎಂದರು.

ಚಹಾ ನನ್ನ ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಹುಡುಗಿಯ ತಾಯಿ, "ಪಾಪ, ನಾಚಿಕೆಯ ಸ್ವಭಾವ," ಎಂದರು. ಮದುವೆ ರಜೆಯಲ್ಲಿ ಊರಿನಲ್ಲಿ ಎಂದು ಮಾತಾಯಿತು. ಎಲ್ಲರೂ ಎದ್ದು ಕೈಮುಗಿದರು, ಅಕ್ಕ ಮತ್ತು ಮಗಳು ಅವರನ್ನು ಕಾರಿನವರೆಗೆ ಬಿಡಲು ಹೋದರು.

ಹಾಲಿನಲ್ಲಿ ನಾವಿಬ್ಬರೇ. ಭಾವ ಅಡುಗೆಮನೆಗೆ ಹೋಗಿ, ಅಕ್ಕಿಚೀಲದ ಹಿಂದಿನಿಂದ ಪೆಟ್ಟಿಗೆ ತಂದು, ತಂತಿ ಸಿಕ್ಕಿಸಿ ಆಟ ಹಾಕಿದರು. ಅದೇ ಕಾಗದ ಪರದೆಯ ಮೇಲೆ ಬಂತು.

"ಈಗ ಸರಿಯಾಗಿ ಓದು," ಎಂದರು.

"ಭಾವ, ಅದು..."

"ಪಾಸ್ಡ್ ಅವೇ ಅಂತ ಬರೆದದ್ದು ನನಗೆ ಓದಲಿಕ್ಕೆ ಬರ್ತದೆ ಮಾರಾಯ. ಗಲ್ಫಿಗೆ ಬಂದವನು ಮೊದಲು ಕಲಿಯುವ ಇಂಗ್ಲಿಷೇ ಅದು. ನಿನ್ನ ಭಾನುವಾರ ಕಳೆಯಲಿ ಅಂತ ಸುಮ್ಮನಿದ್ದೆ." ಆಮೇಲೆ, "ಅವತ್ತೂ ನಿನ್ನ ಸ್ವರ ಹೀಗೇ ಇತ್ತು," ಎಂದರು.

ಇಷ್ಟು ಹೊತ್ತು ಭಾವನನ್ನು ಗೇಲಿ ಮಾಡಿದ ನಾನು ಇದನ್ನೂ ಹೇಳಬೇಕು. ಒಂಬತ್ತು ವರ್ಷದ ಹಿಂದೆ ಭಾವನ ತಾಯಿ ಒಂದು ಮಂಗಳವಾರ ಬೆಳಗ್ಗೆ ಪಡುಬಿದ್ರಿಯ ಮನೆಯಲ್ಲಿ ತೀರಿಕೊಂಡರು. ನಾನಿನ್ನೂ ಊರಿನಲ್ಲೇ ಇದ್ದೆ. ಅಕ್ಕ ಮತ್ತು ಮಗು ರಜೆಗೆಂದು ಅಲ್ಲಿಗೆ ಬಂದಿದ್ದರು, ಭಾವ ಇಲ್ಲಿ ದೇರಾದಲ್ಲಿ ಒಬ್ಬರೇ. ಒಂಟಿಯಾಗಿರುವವನಿಗೆ ಫೋನಿನಲ್ಲಿ ಸಾವು ಹೇಳಬಾರದು, ಸೀರಿಯಸ್ ಎಂದು ಹೇಳಿ ಬರಿಸಿಕೊಳ್ಳಬೇಕು ಎಂಬುದು ಗಲ್ಫಿನ ಎಲ್ಲ ಮನೆಗಳ ರೂಢಿ. ಅಕ್ಕನಿಗೆ ಸ್ವರ ಹೊರಡಲಿಲ್ಲ, ಮನೆಯ ಹಿರಿಯರು ಫೋನು ನನ್ನ ಕೈಗೆ ಕೊಟ್ಟರು. "ಸೀರಿಯಸ್, ಕೂಡಲೇ ಹೊರಡಿ ಅಂತ ಹೇಳು," ಎಂದರು. ನನಗೆ ಆಗ ಇಪ್ಪತ್ತೆರಡು. ಆ ಕಡೆಯಿಂದ "ಹಲೋ, ಅಮ್ಮ ಹೇಗಿದ್ದಾಳೆ?" ಎಂದು ಕೇಳಿದ ಕೂಡಲೇ ಧೈರ್ಯ ಹಾರಿಹೋಯಿತು. "ಸ್ವಲ್ಪ ಜ್ವರ, ಈಗ ಪರವಾಗಿಲ್ಲ, ಗಡಿಬಿಡಿ ಬೇಡ ಭಾವ," ಎಂದುಬಿಟ್ಟೆ. ಸುತ್ತ ನಿಂತವರಿಗೆ, ಕೂಡಲೇ ಬರ್ತಾರಂತೆ ಎಂದೆ. ಬುಧವಾರ ಬೆಳಗಿನವರೆಗೆ ಕಾದರು. ಭಾವ ಬಂದದ್ದು ಗುರುವಾರ. ಮಗನಿಲ್ಲದೆ ಆ ತಾಯಿಯ ದಹನವಾಯಿತು. ವಿಮಾನ ತಡವಾಯಿತು ಎಂದೇ ಊರೆಲ್ಲ ನಂಬಿದೆ. ಭಾವ ಒಂದು ದಿನವೂ ತುಟಿಪಿಟಕ್ಕೆಂದವರಲ್ಲ.

"ನನ್ನಿಂದ ತಪ್ಪಾಯ್ತು ಭಾವ," ಎಂದೆ. ಒಂಬತ್ತು ವರ್ಷ ಗಂಟಲಲ್ಲಿದ್ದ ಮಾತು ಅದು.

"ನನಗೆ ಅವತ್ತೇ ಗೊತ್ತಾಗಿತ್ತು," ಎಂದರು ಭಾವ. "ಜ್ವರ ಅಂತ ಹೇಳಲಿಕ್ಕೆ ಯಾರಾದರೂ ಅಷ್ಟು ನಡುಗ್ತಾರಾ?"

"ಮತ್ತೆ ಕೂಡಲೇ ಯಾಕೆ ಬರಲಿಲ್ಲ?"

"ನೀನು ಹೇಳಿದ್ದನ್ನು ನಂಬಿದರೆ ಅಮ್ಮ ಇನ್ನೂ ಎರಡು ದಿನ ಇದ್ದಾಳೆ ಅಂತ ಆಗ್ತಿತ್ತಲ್ಲ." ಅವರು ಪರದೆಯನ್ನೇ ನೋಡುತ್ತಿದ್ದರು. "ಆ ಎರಡು ದಿನ ನಾನು ಈ ದೇರಾದ ಅಂಗಡಿಗಳಲ್ಲಿ ಅವಳಿಗೆ ಸಾಮಾನು ತೆಗೆದೆ. ಮೊಣಕಾಲಿಗೆ ಎಣ್ಣೆ, ಪೌಡರ್, ಒಂದು ಕಂಬಳಿ. ಸತ್ತವರಿಗೆ ಯಾರಾದರೂ ಕಂಬಳಿ ತೆಗೀತಾರಾ ಹೇಳು? ನಾನು ಬಣ್ಣ ಸಹ ನೋಡಿ ತೆಗೆದೆ. ನೀಲಿ ಅವಳಿಗೆ ಆಗುವುದಿಲ್ಲ ಅಂತ ಬದಲಾಯಿಸಿಕೊಂಡು ಬಂದೆ. ಊರಿಗೆ ಬಂದಾಗ ಎಲ್ಲ ಮುಗಿದಿತ್ತು, ಎಲ್ಲರೂ ಅತ್ತು ಆಗಿತ್ತು. ನಾನೊಬ್ಬನೇ ಹೊಸತಾಗಿ ಹೇಗೆ ಅಳುವುದು? ನನಗೆ ಯಾರೂ ಅಮ್ಮ ಹೋದಳು ಅಂತ ಹೇಳಲೇ ಇಲ್ಲ ಮಾರಾಯ. ಅಂಗಳದಲ್ಲಿ ನಿಂತವರನ್ನು ನೋಡಿ ನಾನೇ ತಿಳಿದುಕೊಂಡದ್ದು."

ಈ ಮನುಷ್ಯ ಅಳುತ್ತಾರೆಂದು ನಾನು ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿದವನು. ಇವರು ನನ್ನ ಭಾವ ಎಂದು ಹೇಳಲು ನಾಚಿದವನು. ಅವರ ಪಾಲಿನ ಅಳುವನ್ನು ಕಿತ್ತುಕೊಂಡವನೇ ನಾನು ಎಂದು ತಿಳಿದಾಗ ನನ್ನ ಮೇಲೆ ನನಗೆ ಹೇಸಿಗೆಯಾಯಿತು.

"ಓದು," ಎಂದರು ಭಾವ, ಇನ್ನೊಮ್ಮೆ. "ನಿಧಾನಕ್ಕೆ ಓದು."

ನಾನು ಸೋಫಾದ ಬಲಮೂಲೆಯಿಂದ ಎದ್ದು ಅವರಿಗೆ ತಾಗಿ ಕೂತೆ. "ನಿಮ್ಮ ತಾಯಿ ಮಂಗಳವಾರ ಬೆಳಗ್ಗೆ ತೀರಿಕೊಂಡರು, ಭಾವ," ಎಂದೆ. ಪರದೆಯ ಮೇಲಿನ ಕಾಗದದಲ್ಲಿ ಮಂಗಳವಾರ ಇರಲಿಲ್ಲ, ಭಾವ ಎಂದೂ ಇರಲಿಲ್ಲ.

ಅವರು ಕಣ್ಣು ಒರೆಸಿಕೊಳ್ಳಲಿಲ್ಲ. "ಹ್ಞೂಂ," ಎಂದರು. "ಕೂಡಲೇ ಹೊರಡ್ತೇನೆ ಅಂತ ಬರೆ."